ಸಪ್ಪೆ ಎಂದ ದಿನದಿಂದ

1983 ಜೂನ್ 19, ಭಾನುವಾರ

ಕೆಮಿಕಲ್ ಮಾರುವ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಆರು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಮಗಳು ರತ್ನಿ ಕೆಮಿಸ್ಟ್ರಿ ನೋಟ್ಸ್ ಬರೆಯಲು ಅದನ್ನು ಎತ್ತಿಕೊಂಡಳು. ಕೊಡಲಿಲ್ಲ. ನಾನೇ ಬರೆಯುತ್ತೇನೆ ಎಂದೆ. ಅಂದ ಮೇಲೆ ಬರೆಯಬೇಕಲ್ಲ.

ಪೀಣ್ಯದ ಪ್ಲೇಟಿಂಗ್ ಶಾಪಿನಲ್ಲಿ ನನಗೆ ಇದು ಹನ್ನೊಂದನೇ ವರ್ಷ. ಫೋರ್‌ಮನ್ ಆಗಿ ಐದು ವರ್ಷ. ಸ್ಕೂಟರಿನ ಭಾಗಗಳಿಗೆ ಕ್ರೋಮ್ ಹೊಳಪು, ನಟ್ಟು ಬೋಲ್ಟುಗಳಿಗೆ ಸತುವಿನ ಲೇಪ, ಇಷ್ಟೇ ನಮ್ಮ ಕೆಲಸ. ತೊಟ್ಟಿಯ ಮೇಲೆ ಬಗ್ಗಿ ಒಂದು ಸಲ ಉಸಿರು ಎಳೆದುಕೊಂಡರೆ ಒಳಗಿನ ದ್ರಾವಣ ಹದವಾಗಿದೆಯೋ ಕೆಟ್ಟಿದೆಯೋ ಹೇಳಬಲ್ಲೆ. "ಲ್ಯಾಬಿಗೆ ಯಾಕೆ ಕಳಿಸ್ತೀರಿ, ನಮ್ಮ ಲಕ್ಷ್ಮಣಪ್ಪನ ಮೂಗಿಗೆ ತೋರಿಸಿ" ಎಂದು ಸಾಹುಕಾರರು ಬಂದವರ ಮುಂದೆಲ್ಲ ಹೇಳುತ್ತಾರೆ. ನಾನು ಕೇಳಿಸದವನಂತೆ ನಿಂತಿರುತ್ತೇನೆ.

ಮನೆಯಲ್ಲಿ ಎಲ್ಲ ಸರಿಯಾಗಿದೆ. ಹೆಂಡತಿ ವಸಂತಮ್ಮನ ಅಡುಗೆ ಮಾತ್ರ ಈಚೆಗೆ ಕೆಟ್ಟಿದೆ. ಇಪ್ಪತ್ತು ವರ್ಷ ಉಂಡ ಸಾರು, ಈಗ ಉಪ್ಪು ಖಾರ ಬಿಟ್ಟರೆ ಬೇರೇನೂ ಇಲ್ಲ. ಕಾಫಿಪುಡಿ ಅಂಗಡಿಯವನೂ ಹುಣಸೆ ಬೀಜ ಬೆರೆಸುತ್ತಿದ್ದಾನೆ. ಅಂಗಡಿ ಬದಲಾಯಿಸಲು ಹೇಳಿದೆ. ಇದು ಮೂರನೇ ಅಂಗಡಿ ಎಂದಳು.

ಜುಲೈ 2, ಶನಿವಾರ

ನಂಜಪ್ಪ ಖಾಯಂ ಆದ. ವಸಂತಮ್ಮನ ಒಬ್ಬನೇ ತಮ್ಮ. ಎರಡು ವರ್ಷದ ಕೆಳಗೆ ನಾನೇ ಸಾಹುಕಾರರಿಗೆ ಹೇಳಿ ಸೇರಿಸಿದ್ದೆ. ಇವತ್ತು ಪತ್ರ ಕೈಗೆ ಬಂದೊಡನೆ ಶಾಪಿನಲ್ಲೇ ಎಲ್ಲರೆದುರು ನನ್ನ ಕಾಲಿಗೆ ಬಿದ್ದ. "ಏಳೋ, ಶೂ ತುಂಬ ಆಸಿಡ್ ಐತೆ" ಎಂದೆ. ಎಲ್ಲರೂ ನಕ್ಕರು.

ಮುಂದಿನ ಭಾನುವಾರ ನಮ್ಮೆಲ್ಲರಿಗೂ ಊಟ ಹಾಕಿಸುತ್ತಾನಂತೆ. ಜಾಲಹಳ್ಳಿ ಕ್ರಾಸಿನಲ್ಲಿ ಮುನಿಯಣ್ಣ ಅನ್ನುವವನು ಹೊಸದಾಗಿ ಜಪಾನಿ ಊಟದ ಅಂಗಡಿ ಇಟ್ಟಿದ್ದಾನೆ. ಯಾವುದೋ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಜಪಾನಿ ಎಂಜಿನಿಯರುಗಳಿಗೆ ಮೂರು ವರ್ಷ ಅಡುಗೆ ಮಾಡಿದವನಂತೆ. ಅವರಿಂದಲೇ ಕಲಿತನಂತೆ. ತಿನಿಸಿನ ಹೆಸರು ರಾಮೆನ್. ರತ್ನಿ ಆಗಲೇ ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ರಕ್ತ ಬಂತು. ಶಾಪಿನಲ್ಲಿ ದೊಡ್ಡಮುನಿಯಪ್ಪನಿಗೂ ಬರುತ್ತದೆ, ಇನ್ನಿಬ್ಬರಿಗೂ ಬರುತ್ತದೆ. ಉಷ್ಣ. ಹರಳೆಣ್ಣೆ ಹಚ್ಚಿಕೊಳ್ಳಿ, ಏನಿಲ್ಲ ಎಂದು ಅವರಿಗೂ ಹೇಳಿದ್ದೇನೆ.

ಜುಲೈ 10, ಭಾನುವಾರ

ಇವತ್ತಿನ ಊಟದ ವಿಷಯ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ತಪ್ಪು ಯಾರದೆಂದು ನಾಳೆ ಓದಿದರೂ ಗೊತ್ತಾಗಬೇಕು.

ನಾವು ಆರು ಜನ. ನಾನು, ವಸಂತಮ್ಮ, ರತ್ನಿ, ನಮ್ಮ ತಾಯಿ ಸೊಣ್ಣಮ್ಮ, ನಂಜಪ್ಪ, ಅವನ ಹೆಂಡತಿ ಅಂಜಿನಮ್ಮ. ಮನೆಯಿರುವ ಚೊಕ್ಕಸಂದ್ರದಿಂದ ನಡೆದೇ ಹೋದೆವು. ಅಂಜಿನಮ್ಮ ಮದುವೆಯ ಸೀರೆ ಉಟ್ಟಿದ್ದಳು. ಅಮ್ಮ ಹೋಟೆಲಿಗೆ ಕಾಲಿಟ್ಟದ್ದು ಇದೇ ಮೊದಲು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋದಳು.

ಅಂಗಡಿ ಒಂದು ಮಳಿಗೆಯಷ್ಟೇ. ನಾಲ್ಕು ಬೆಂಚು, ಮೇಜಿನ ಮೇಲೆ ಹೂವಿನ ಚಿತ್ರದ ರೆಕ್ಸಿನ್. ಹಿಂದೆ ಪರದೆ, ಅದರಾಚೆ ಒಲೆ. ಮುನಿಯಣ್ಣ ತಾನೇ ಬಂದು ಕೈ ಮುಗಿದ. ಬಿಳಿ ಟೋಪಿ ಹಾಕಿದ್ದ. "ಕೋಳಿ ಮೂಳೆ ಬೆಳಿಗ್ಗೆ ಐದು ಗಂಟೆಗೆ ಒಲೆ ಮೇಲಿಟ್ಟಿದೀನಿ ಸಾರ್. ಶಾವಿಗೆ ನಾನೇ ಎಳೆದದ್ದು" ಎಂದ.

ಆರು ಬಟ್ಟಲು ಬಂದವು. ತಿಳಿಸಾರಿನಲ್ಲಿ ಉದ್ದುದ್ದ ಶಾವಿಗೆ, ಮೇಲೆ ಅರ್ಧ ಮೊಟ್ಟೆ, ಈರುಳ್ಳಿ ಸೊಪ್ಪು. ಅಮ್ಮ ಬೆರಳಲ್ಲಿ ಎತ್ತಿ ನೋಡಿ, "ಇದೇನ್ಲಾ, ಶಾವ್ಗೆನ ಕೋಳಿ ಸಾರ್ನಾಗೆ ಮುಳುಗ್ಸವ್ನೆ" ಎಂದಳು. ರತ್ನಿ ನಕ್ಕೂ ನಕ್ಕೂ ಕೆಮ್ಮಿದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ನಾನು ಒಂದು ಚಮಚ ಕುಡಿದೆ. ಬಿಸಿನೀರು, ಉಪ್ಪು. ಇನ್ನೊಂದು ಚಮಚ. ಅದೇ. ಶಾವಿಗೆ ಬಾಯಲ್ಲಿ ನೂಲಿನ ಹಾಗೆ ಓಡಾಡಿತು. ಮೆಣಸಿನಪುಡಿ ತರಿಸಿ ಸುರಿದುಕೊಂಡೆ. ನಾಲಿಗೆ ಉರಿಯಿತು, ರುಚಿ ಬರಲಿಲ್ಲ.

"ಏನಯ್ಯಾ ಇದು? ಬಿಸಿನೀರಿಗೆ ಉಪ್ಪು ಹಾಕಿ ಜಪಾನು ಅಂತ ಕೊಡ್ತೀಯ?" ಎಂದೆ.

ಮುನಿಯಣ್ಣನ ಮುಖ ಇಳಿಯಿತು. "ಸಾರ್, ಶುಂಠಿ, ಬೆಳ್ಳುಳ್ಳಿ ಎಲ್ಲಾ..."

"ಎಲ್ಲೈತೆ ಶುಂಠಿ? ಎಲ್ಲೈತೆ ಬೆಳ್ಳುಳ್ಳಿ? ಸಪ್ಪೆ! ತೊಟ್ಟಿ ತೊಳೆದ ನೀರಿಗೆ ಇದಕ್ಕಿಂತ ರುಚಿ ಇರುತ್ತೆ."

ಪಕ್ಕದ ಬೆಂಚಿನವರು ತಿನ್ನುವುದು ನಿಲ್ಲಿಸಿದರು. ಅವರಲ್ಲಿ ಇಬ್ಬರು ಪೀಣ್ಯದವರೇ, ಗುರುತಿನವರು. ನಾನು ಎದ್ದು ಪರದೆ ಸರಿಸಿ ಒಳಗೆ ಹೋಗಿ ಹಂಡೆಯ ಮುಚ್ಚಳ ತೆಗೆದು ಬಗ್ಗಿ ಮೂಸಿದೆ. ಆವಿ ಮುಖಕ್ಕೆ ಹೊಡೆಯಿತು. ಅಷ್ಟೇ. "ಜನಕ್ಕೆ ಮೋಸ ಮಾಡ್ತಿದೀಯ" ಎಂದು ಮುಚ್ಚಳವನ್ನು ನೆಲಕ್ಕೆ ಬಿಸಾಕಿ ಬಂದೆ.

ನಂಜಪ್ಪ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದ: "ಭಾವ, ಶುಂಠಿ ವಾಸ್ನೆ ಬಸ್ ಸ್ಟಾಪ್ ತನಕ ಒಡೀತೈತೆ. ನಿಮ್ಗೆ ಬರ್ತಿಲ್ವಾ?"

"ನೀನು ಊಟ ಹಾಕಿಸ್ತಿದೀಯ ಅಂತ ಹೊಗಳಬೇಕಾ?" ಎಂದೆ.

ಅವನು ತೋಳು ಬಿಟ್ಟ. ಅಂಜಿನಮ್ಮ ತಲೆ ತಗ್ಗಿಸಿ ಕೂತಿದ್ದಳು. ಅವಳ ಬಟ್ಟಲು ಅರ್ಧ ಹಾಗೇ ಇತ್ತು. ನಾನು ಹೊರಗೆ ಬಂದು ನಿಂತೆ. ಅವರೂ ಒಬ್ಬೊಬ್ಬರಾಗಿ ಬಂದರು. ವಾಪಸು ನಡೆಯುವಾಗ ಯಾರೂ ನನ್ನ ಜೊತೆ ಹೆಜ್ಜೆ ಹಾಕಲಿಲ್ಲ. ಅಮ್ಮ ಮಾತ್ರ, "ಚೆಂದಾಗಿತ್ತು ಕಣ್ಲಾ ಮಗ. ಯಾಕಂಗಂದೆ?" ಎಂದಳು. ಅಮ್ಮನಿಗೆ ಎಪ್ಪತ್ತು ವರ್ಷ. ನಾಲಿಗೆ ಸತ್ತಿರುತ್ತದೆ.

ಜುಲೈ 13, ಬುಧವಾರ

ಮನೆಯಲ್ಲಿ ಮಾತಿಲ್ಲ. ನಂಜಪ್ಪ ಬೆಳಿಗ್ಗೆ ಜೊತೆಗೆ ಬರುತ್ತಿದ್ದವನು ಈಗ ಮುಂಚೆಯೇ ಹೋಗುತ್ತಾನೆ.

ಜುಲೈ 27, ಬುಧವಾರ

ಬೆಳಿಗ್ಗೆ ವಸಂತಮ್ಮ ನಲ್ಲಿಗೆ ಹೋಗಿದ್ದಳು. ನಾನು ಸ್ಟೋವಿನ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ಅವಳು ಬಂದವಳೇ ಕೊಡ ಕುಕ್ಕಿ ಓಡಿದಳು. ಹಾಲು ಉಕ್ಕಿ, ಇಂಗಿ, ಪಾತ್ರೆ ಕರಕಲಾಗಿತ್ತು. "ಬೀದಿಗೆಲ್ಲ ಸೀದ ವಾಸ್ನೆ. ಪಕ್ಕದಲ್ಲೇ ಕೂತಿದೀರಲ್ರೀ" ಎಂದಳು. ಪೇಪರಿನಲ್ಲಿ ಮುಳುಗಿದ್ದೆ ಎಂದೆ. ಅವಳು ಪಾತ್ರೆ ಉಜ್ಜುತ್ತಾ ನನ್ನನ್ನೇ ನೋಡುತ್ತಿದ್ದಳು. ಒಂದು ಪಾತ್ರೆ ಹಾಲಿಗೆ ಅಷ್ಟು ಹೊತ್ತು ನೋಡುವುದೇನಿದೆ?

ಆಗಸ್ಟ್ 9, ಮಂಗಳವಾರ

ನಂಜಪ್ಪ ಯಾಕೆ ಮುಂಚೆ ಹೋಗುತ್ತಾನೆಂದು ಇವತ್ತು ತಿಳಿಯಿತು. ಬೇಗ ಹೋದೆ. ಅವನು ಒಂದೊಂದೇ ತೊಟ್ಟಿಯ ಹತ್ತಿರ ನಿಂತು, ಬಗ್ಗಿ, ಮೂಸಿ ಮುಂದೆ ಹೋಗುತ್ತಿದ್ದ. ಚರಂಡಿಯ ಬಾಯನ್ನೂ ಬಿಡಲಿಲ್ಲ. ನನ್ನ ಕೆಲಸ. ಥೇಟ್ ನನ್ನ ಹಾಗೆಯೇ.

"ಖಾಯಂ ಆದ ಒಂದೇ ತಿಂಗಳಿಗೆ ಫೋರ್‌ಮನ್ ಕುರ್ಚಿ ಬೇಕಾ?" ಎಂದೆ. ದೊಡ್ಡಮುನಿಯಪ್ಪ ಕೇಳಿಸಿಕೊಂಡ. ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದ್ದು.

"ಅಂಗಲ್ಲ ಭಾವ. ನೀವು ನೋಡೋಕ್ ಮುಂಚೆ ನಾನೂ ಒಂದ್ಸಲ ನೋಡಿದ್ರೆ ಏನಾಯ್ತು? ಅಕ್ಕನೂ ಅದೇ ಅಂದ್ಳು."

ಅಂದರೆ ಅಕ್ಕ ತಮ್ಮ ಇಬ್ಬರೂ ಸೇರಿ ನನ್ನ ಬೆನ್ನ ಹಿಂದೆ ಮಾತಾಡಿದ್ದಾರೆ.

ಆಗಸ್ಟ್ 21, ಭಾನುವಾರ

ಮುನಿಯಣ್ಣನ ಅಂಗಡಿ ಮುಚ್ಚಿದೆ. ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದಾರೆ. ತೊಟ್ಟಿ ನೀರು ಅನ್ನುವ ನನ್ನ ಮಾತು ಪೀಣ್ಯದ ಶಾಪುಗಳಲ್ಲೆಲ್ಲ ಹರಡಿತ್ತಂತೆ. ಅಂಗಡಿಯ ಹೆಸರೇ ತೊಟ್ಟಿ ನೀರು ಎಂದಾಗಿತ್ತಂತೆ. ಹೇಳಿದವನು ನಗುತ್ತಾ ಹೇಳಿದ. ನಾನೂ ನಕ್ಕೆ.

ಆಗಸ್ಟ್ 30, ಮಂಗಳವಾರ

ಮಧ್ಯಾಹ್ನದ ಪಾಳಿ. ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತೆಗೆದು ಮೂಸಿದೆ. ಕಾಫಿಪುಡಿ. ದೇವರ ಮುಂದಿನ ಕರ್ಪೂರ. ಪೆಟ್ಟಿಗೆಯಲ್ಲಿನ ನುಸಿಗುಳಿಗೆ. ಬಾಗಿಲ ಹಿಂದೆ ತೂಗುಹಾಕಿದ್ದ ನನ್ನದೇ ಬೆವರಿನ ಷರ್ಟು.

ಏನೂ ಇಲ್ಲ.

ಯಾವಾಗಿನಿಂದ, ಗೊತ್ತಿಲ್ಲ. ಎಷ್ಟೋ ತಿಂಗಳಿನಿಂದ ತೊಟ್ಟಿಯ ಮೇಲೆ ಬಗ್ಗಿ ಉಸಿರು ಎಳೆದು, ಬಣ್ಣ ನೋಡಿ, ಅಂದಾಜಿನ ಮೇಲೆ ಹೇಳುತ್ತಿದ್ದೇನೆ. ಹೇಳಿದ್ದು ಸರಿಯಾಗುತ್ತಿತ್ತು. ಆದ್ದರಿಂದ ನನಗೂ ಅನುಮಾನ ಬರಲಿಲ್ಲ. ಬಂದಿರಲಿಲ್ಲವೇ? ಹಂಡೆಯ ಆವಿ ಮುಖಕ್ಕೆ ಹೊಡೆದಾಗ ಬಂದಿತ್ತು. ಅದಕ್ಕೇ ಮುಚ್ಚಳ ಬಿಸಾಕಿದ್ದು.

ಆಯುಧಪೂಜೆ ಕಳೆಯಲಿ. ಆಮೇಲೆ ಡಾಕ್ಟರಿಗೆ ತೋರಿಸುತ್ತೇನೆ. ಅಲ್ಲಿಯವರೆಗೆ ಯಾರಿಗೂ ತಿಳಿಯಬಾರದು. ಮೂಗಿಲ್ಲದ ಲಕ್ಷ್ಮಣಪ್ಪನನ್ನು ಇಟ್ಟುಕೊಂಡು ಸಾಹುಕಾರರು ಏನು ಮಾಡುತ್ತಾರೆ?

ಸೆಪ್ಟೆಂಬರ್ 3, ಶನಿವಾರ

ನಂಜಪ್ಪನನ್ನು ಪಾಲಿಶ್ ಶೆಡ್ಡಿಗೆ ಹಾಕಿದೆ. ಅದು ಅಂಗಳದಾಚೆ, ಬೇರೆ ಕಟ್ಟಡ. ಅವನು ಜಗಳವಾಡಲಿಲ್ಲ. "ಭಾವ, ಬೆಳಿಗ್ಗೆ ಒಂದ್ಸುತ್ತು ಮಾತ್ರ ಬಂದೋಗ್ತೀನಿ, ಬೇಡ ಅನ್ಬೇಡಿ" ಎಂದ. ಬೇಡ ಎಂದೆ. ಅಲ್ಲಿಂದ ಈಚೆ ಕಾಲಿಟ್ಟರೆ ರಿಪೋರ್ಟ್ ಬರೆಯುತ್ತೇನೆ ಎಂದೆ.

ಸೆಪ್ಟೆಂಬರ್ 22, ಗುರುವಾರ

ನಂಜಪ್ಪ ಹೋದ.

ಸೆಪ್ಟೆಂಬರ್ 27, ಮಂಗಳವಾರ

ಬರೆಯದಿದ್ದರೆ ಆಮೇಲೆ ನಾನೇ ಬೇರೆ ರೀತಿ ನೆನಪಿಟ್ಟುಕೊಳ್ಳುತ್ತೇನೆ.

ಗುರುವಾರ ಬೆಳಿಗ್ಗೆ ಮಳೆ. ಹತ್ತು ಗಂಟೆಗೆ ಕರೆಂಟ್ ಹೋಯಿತು, ಹೊಗೆ ಎಳೆಯುವ ಫ್ಯಾನುಗಳು ನಿಂತವು. ನಮ್ಮಲ್ಲಿ ಆಸಿಡ್ ತೊಟ್ಟಿ ಒಂದು ಕಡೆ, ಸೈನೈಡ್ ತೊಟ್ಟಿ ಇನ್ನೊಂದು ಕಡೆ. ಎರಡೂ ಸೇರಿದರೆ ಗ್ಯಾಸ್ ಏಳುತ್ತದೆ, ನಾಲ್ಕು ಉಸಿರಿಗೆ ಮನುಷ್ಯ ಬೀಳುತ್ತಾನೆ. ಹೊಸಬರಿಗೆ ಮೊದಲ ದಿನ ನಾನು ಹೇಳಿಕೊಡುವ ಪಾಠವೇ ಅದು. ಕಹಿ ಬಾದಾಮಿಯ ವಾಸನೆ ಬಂದರೆ ಹಿಂತಿರುಗಿ ನೋಡದೆ ಓಡಿ ಎನ್ನುತ್ತೇನೆ.

ಆಸಿಡ್ ಕೊಳವೆಯ ವಾಲ್ವು ಸರಿಯಾಗಿ ಮುಚ್ಚಿರಲಿಲ್ಲ. ಆಸಿಡ್ ಹನಿಹನಿಯಾಗಿ ಹರಿದು, ಸೈನೈಡ್ ತೊಳೆದ ನೀರು ನಿಂತಿದ್ದ ಚರಂಡಿಗೆ ಇಳಿಯುತ್ತಿತ್ತು. ಹತ್ತೂವರೆಗೆ ನಾನು ಆ ಚರಂಡಿಯ ಮೇಲೇ ನಿಂತಿದ್ದೆ. ದೊಡ್ಡಮುನಿಯಪ್ಪ ತಲೆ ತಿರುಗುತ್ತಿದೆ ಎಂದ. ನಾನು ಅಭ್ಯಾಸದಂತೆ ಬಗ್ಗಿ ಮೂಸಿ, "ಏನಿಲ್ಲ, ಸೆಖೆ, ಕೆಲಸ ನೋಡಿ" ಎಂದು ಆಫೀಸಿಗೆ ಹೋದೆ.

ಹತ್ತು ನಿಮಿಷವೂ ಆಗಿರಲಿಲ್ಲ. ನಂಜಪ್ಪ ಪಾಲಿಶ್ ಆದ ಮಾಲು ಹೊತ್ತು ಅಂಗಳ ದಾಟುತ್ತಿದ್ದನಂತೆ. ಬಾಗಿಲ ಹತ್ತಿರ ಅವನಿಗೆ ವಾಸನೆ ಬಂತು. ಟ್ರೇ ಬಿಸಾಕಿದ ಸದ್ದು ನನಗೂ ಕೇಳಿಸಿತು. "ಈಚ್ಗೆ ಬರ್‍ರೋ! ಎಲ್ಲಾ ಈಚ್ಗೆ ಬರ್‍ರೋ!" ಎಂದು ಕೂಗುತ್ತಾ ಒಳಗೆ ನುಗ್ಗಿದ. ಏಳು ಜನರನ್ನು ಎಳೆದು, ತಳ್ಳಿ ಹೊರಗೆ ಹಾಕಿದ. ಅವರಲ್ಲಿ ದೊಡ್ಡಮುನಿಯಪ್ಪನನ್ನು ಬೆನ್ನ ಮೇಲೆ ಹೊತ್ತು ತಂದ. ನಾನು ಓಡಿ ಬರುವಷ್ಟರಲ್ಲಿ ಬಾಯಿಗೆ ಟವೆಲ್ ಕಟ್ಟಿಕೊಂಡು ವಾಲ್ವು ಮುಚ್ಚಲು ಮತ್ತೆ ಒಳಗೆ ಹೋಗಿದ್ದ. ಮುಚ್ಚಿದ್ದಾನೆ. ಬೀಗ ಹಾಕಿದ ಹಾಗೆ ಬಿಗಿಯಾಗಿ ಮುಚ್ಚಿದ್ದಾನೆ. ಅದರ ಕೆಳಗೇ ಬಿದ್ದಿದ್ದ.

ನಾವು ಅವನನ್ನು ಟೆಂಪೋದಲ್ಲಿ ಮಲಗಿಸಿದಾಗ ಮುಖ ಕೆಂಪಗೆ, ಆರೋಗ್ಯವಂತನ ಮುಖದ ಹಾಗಿತ್ತು. ಆಸ್ಪತ್ರೆಯವರು ಕೈ ಹಿಡಿದು ನೋಡಿ ಬಿಟ್ಟರು.

ವಸಂತಮ್ಮ ಅತ್ತು ಮುಗಿದ ಮೇಲೆ ನನ್ನನ್ನು ಒಂದೇ ಮಾತು ಕೇಳಿದಳು. "ಅಂಗಳದಲ್ಲಿದ್ದವನಿಗೆ ಬಂದ ವಾಸ್ನೆ ಒಳಗಿದ್ದ ನಿಮಗೆ ಬರ್ಲಿಲ್ವಾ?"

ನಾನು ಆಫೀಸಿನಲ್ಲಿದ್ದೆ ಎಂದೆ.

ಅಕ್ಟೋಬರ್ 1, ಶನಿವಾರ

ಸಾಹುಕಾರರು ಕರೆಸಿದರು. ಟೈಪ್ ಮಾಡಿದ ಕಾಗದ ಮುಂದಿಟ್ಟರು. ನಂಜಪ್ಪ ತನ್ನ ಜಾಗ ಬಿಟ್ಟು, ಅಪ್ಪಣೆಯಿಲ್ಲದೆ ಪ್ಲೇಟಿಂಗ್ ವಿಭಾಗಕ್ಕೆ ಬಂದು, ತಿಳಿಯದೆ ಆಸಿಡ್ ವಾಲ್ವು ತಿರುಗಿಸಿದ್ದರಿಂದ ಈ ಅನಾಹುತ ಆಯಿತು ಎಂದಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ನೀವೇ ಅವನಿಗೆ ಆ ಕಡೆ ಬರಬೇಡ ಅಂದಿದ್ರಲ್ಲ. ಹತ್ತು ಜನ ಕೇಳಿದಾರೆ. ಗುರುವಾರ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾರೆ. ಹೋದವನಂತೂ ವಾಪಸ್ ಬರಲ್ಲ, ಇರೋ ನಲವತ್ತು ಜನದ ಕೆಲಸ ನೋಡಿ ಲಕ್ಷ್ಮಣಪ್ಪ."

ಕಾಗದ ಮಡಿಸಿ ಜೇಬಿಗಿಟ್ಟುಕೊಂಡೆ. ಅದರಲ್ಲಿ ಸುಳ್ಳು ಒಂದೇ ಸಾಲು, ವಾಲ್ವಿನದು. ಉಳಿದದ್ದೆಲ್ಲ ನಾನೇ ನಿಜ ಮಾಡಿಟ್ಟದ್ದು.

ಅಕ್ಟೋಬರ್ 2, ಭಾನುವಾರ

ಹನ್ನೊಂದನೇ ದಿನದ ಕಾರ್ಯ. ಬಂದವರೆಲ್ಲ ಹೊರಟ ಮೇಲೆ ಅಂಜಿನಮ್ಮ ಗೋಡೆಗೊರಗಿ ಕೂತಿದ್ದಳು. ವಸಂತಮ್ಮ ಅವಳ ಪಕ್ಕದಲ್ಲಿ. ನಾನು ಕಾಗದವನ್ನು ರತ್ನಿಗೆ ಕೊಟ್ಟು ಗಟ್ಟಿಯಾಗಿ ಓದು ಎಂದೆ. ನಂಜಪ್ಪನ ಹೆಸರು ಬಂದಾಗ ಅವಳು ಓದುವುದು ನಿಲ್ಲಿಸಿದಳು. ಪೂರ್ತಿ ಓದಿಸಿದೆ.

"ನನ್ ತಮ್ಮ ತಪ್ಪು ಮಾಡ್ದ ಅಂತಲಾ?" ವಸಂತಮ್ಮ ಕೇಳಿದಳು.

"ಇಲ್ಲ. ನನಗೆ ವಾಸನೆ ಬರಲ್ಲ" ಎಂದೆ.

ಹೇಳಬೇಕೆಂದುಕೊಂಡದ್ದು ಬಹಳ ಇತ್ತು, ಬಂದದ್ದು ಅಷ್ಟೇ. ಆಮೇಲೆ ಒಂದೊಂದೇ ಹೇಳಿದೆ. ಚರಂಡಿಯ ಮೇಲೆ ನಿಂತದ್ದು, ಮೂಸಿದ್ದು, ಏನಿಲ್ಲ ಎಂದದ್ದು, ಅವನನ್ನು ಪಾಲಿಶ್ ಶೆಡ್ಡಿಗೆ ಹಾಕಿದ್ದು. ಗೊತ್ತಿದ್ದೂ ಹಾಕಿದ್ದು.

ಅಂಜಿನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಅಣ್ಣಾ, ಅವ್ರು ದಿನಾ ಮನ್ಯಾಗೆ ಇದ್ನೇ ಯೋಳೋರು. ಭಾವನ್ ಮೂಗು ಓಗೈತೆ, ಯಾರ್‍ಗೂ ಯೋಳ್ಬ್ಯಾಡ, ಅವ್ರ ಮರ್ವಾದಿ ಓಯ್ತದೆ ಅನ್ನೋರು. ನಾನೂ ಯಾರ್‍ಗೂ ಯೋಳ್ನಿಲ್ಲ. ಯೋಳಿದ್ರೆ ಇರ್ತಿದ್ರು" ಎಂದಳು.

ಅವಳ ಮುಂದೆ ಕೂರಲು ಆಗಲಿಲ್ಲ. ಎದ್ದು ಹೋಗಲೂ ಆಗಲಿಲ್ಲ.

ಅಕ್ಟೋಬರ್ 6, ಗುರುವಾರ

ಇನ್ಸ್‌ಪೆಕ್ಟರ್ ಮುಂದೆ ಹೇಳಿದೆ. ಎಲ್ಲ ಬರೆದುಕೊಂಡರು. ಸಾಹುಕಾರರು ಕಿಟಕಿಯಾಚೆ ನೋಡುತ್ತಿದ್ದರು. ಸಂಜೆ ನನ್ನ ಕೈಗೆ ಸಸ್ಪೆನ್ಷನ್ ಕಾಗದ ಬಂತು. ಗೇಟಿನಿಂದ ಹೊರಗೆ ಬರುವಾಗ ಯಾರೂ ಮಾತಾಡಿಸಲಿಲ್ಲ.

ಅಕ್ಟೋಬರ್ 9, ಭಾನುವಾರ

ಮುನಿಯಣ್ಣನ ಮನೆ ಹುಡುಕಿಕೊಂಡು ಹೋದೆ. ಈಗ ಕಾರ್ಖಾನೆಯೊಂದರ ಗೇಟಿನ ಮುಂದೆ ಟೀ ಮಾರುತ್ತಾನೆ. ನನ್ನನ್ನು ನೋಡಿ ಎದ್ದು ನಿಂತ. ಹೆದರಿದ ಹಾಗಿತ್ತು.

"ನಿನ್ನ ಸಾರಿನಲ್ಲಿ ತಪ್ಪಿರಲಿಲ್ಲ ಮುನಿಯಣ್ಣ. ನನಗೇ ವಾಸನೆ ರುಚಿ ಹೋಗಿತ್ತು. ಗೊತ್ತಿರಲಿಲ್ಲ" ಎಂದೆ. ತಕ್ಷಣ ತಿದ್ದಿಕೊಂಡೆ. "ಗೊತ್ತಿತ್ತು."

ಅವನು ಕೂತುಕೊಂಡ. "ಅಂಗಾ ಸಾರ್? ನೀವು ದೊಡ್ಡ ಫೋರ್‌ಮನ್ನು, ಮೂಗು ಅಂದ್ರೆ ನಿಮ್ದೇ ಅಂತಾರೆ. ಅದಕ್ಕೇ ನಂಬಿಬಿಟ್ಟೆ. ಒಂದ್ ತಿಂಗ್ಳು ದಿನಾ ಮೂಳೆ ಬೇಯ್ಸಿ, ಎಲ್ಲಿ ತಪ್ಪಾಯ್ತು, ಎಲ್ಲಿ ತಪ್ಪಾಯ್ತು ಅಂತ ರುಚಿ ನೋಡಿದೀನಿ. ಕೊನೆಗೆ ನಂಗೂ ಸಪ್ಪೆ ಅನ್ನಿಸ್ತು ಸಾರ್."

ಮತ್ತೆ ಅಂಗಡಿ ತೆಗೆ ಎಂದೆ. ಇಲ್ಲ ಎಂದು ತಲೆಯಾಡಿಸಿದ. ಪಾತ್ರೆಗಳನ್ನು ಆಗಲೇ ಮಾರಿದ್ದಾನಂತೆ. ಟೀ ಕೊಟ್ಟ. ಕುಡಿದೆ. ಬಿಸಿಯಾಗಿತ್ತು, ಸಿಹಿಯಾಗಿತ್ತು.

ಅಕ್ಟೋಬರ್ 13, ಗುರುವಾರ

ಬೆಳಿಗ್ಗೆ ಬಾಗಿಲು ತೆಗೆದರೆ ದೊಡ್ಡಮುನಿಯಪ್ಪ ನಿಂತಿದ್ದ. ಹಿಂದೆ ಆರು ಜನ. ಆ ದಿನ ಒಳಗಿದ್ದವರು. ಹೊಡೆಯಲು ಬಂದರೆಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಲಕ್ಷ್ಮಣಪ್ಪಾ, ಅವತ್ತು ನಮ್ಗೂ ಯಾರ್‍ಗೂ ವಾಸ್ನೆ ಬರ್ನಿಲ್ಲ ಕಣಪ್ಪ. ನೀನು ಇನ್ಸ್‌ಪೆಟ್ರ ಮುಂದೆ ಯೋಳಿದ್ ಮ್ಯಾಕೆ ಒಬ್ರನ್ನೊಬ್ರು ಕೇಳ್ಕಂಡ್ವಿ. ನಂಗೆ ಮೂರ್ ವರ್ಸ ಆಯ್ತು" ಎಂದ.

ವಸಂತಮ್ಮ ಒಳಗಿನಿಂದ ಕೇಳಿಸಿಕೊಂಡಿರಬೇಕು. ಹನ್ನೊಂದು ದಿನದಿಂದ ನನ್ನೊಡನೆ ಮಾತಾಡದವಳು ನನ್ನ ಷರ್ಟು ತಂದು ಕೈಗೆ ಕೊಟ್ಟಳು. "ಕರ್ಕೊಂಡೋಗಿ" ಎಂದಳು.

ಎಂಟೂ ಜನ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆವು. ಕಿವಿ ಮೂಗು ಗಂಟಲಿನ ವಿಭಾಗದಲ್ಲಿ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ದೊಡ್ಡಮುನಿಯಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಎಡ ಹೊಳ್ಳೆಗೆ ಸಣ್ಣ ಟಾರ್ಚ್ ಹಿಡಿದರು. ಬೆಳಕು ಬಲ ಹೊಳ್ಳೆಯಲ್ಲಿ ಕೆಂಪಗೆ ಕಾಣಿಸಿತು. ಬೆಂಚಿನಲ್ಲಿದ್ದ ನಾವೆಲ್ಲ ಅದನ್ನು ನೋಡಿದೆವು. ಕ್ರೋಮ್ ತೊಟ್ಟಿಯ ಹೊಗೆಗೆ ಮೂಗಿನ ನಡುವಿನ ಗೋಡೆಯೇ ಕರಗಿ ತೂತಾಗಿದೆ ಎಂದರು. "ನೋವಿರಲಿಲ್ವಾ?"

"ಇರ್ನಿಲ್ಲ ಕಣವ್ವ. ರಕ್ತ ಬತ್ತಿತ್ತು, ಅಷ್ಟೇಯ."

ಎರಡನೆಯವನಿಗೂ ತೂತು. ಮೂರನೆಯವನಿಗೆ ಹುಣ್ಣು, ಇನ್ನೂ ತೂತಾಗಿಲ್ಲ. ನಾಲ್ಕು, ಐದು. ಅವರು ಒಬ್ಬೊಬ್ಬರಿಗೂ ಬರೆಯುತ್ತಾ ಹೋದರು. ಏಳು ಜನರಲ್ಲಿ ಐವರಿಗೆ ಬೆಳಕು ಆಚೆ ಬಂತು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು:

"ಇಷ್ಟು ವರ್ಷ ರಕ್ತ ಬಂದಿದೆ ಅಂತೀರಿ. ಯಾರಿಗೂ ಹೇಳ್ಲಿಲ್ವಾ?"

ದೊಡ್ಡಮುನಿಯಪ್ಪ ನೆಲ ನೋಡುತ್ತಾ, "ಮೇಸ್ತ್ರಿಗೆ ಯೋಳಿದ್ವಿ ಕಣವ್ವ. ಏನಿಲ್ಲ ಅಂದ್ರು" ಎಂದ.

"ಯಾರ್ರೀ ಅದು, ನಿಮ್ಮ ಮೇಸ್ತ್ರಿ?"

ಏಳು ಜನರಲ್ಲಿ ಒಬ್ಬನೂ ನನ್ನ ಕಡೆ ತಿರುಗಲಿಲ್ಲ. ನಾನು ಬೆಂಚಿನಿಂದ ಎದ್ದು ಹೋಗಿ ಸ್ಟೂಲಿನ ಮೇಲೆ ಕೂತು, ಅವರು ಹೇಳುವ ಮೊದಲೇ ತಲೆ ಎತ್ತಿದೆ.